ಅಂಗಳಕ್ಕೆ ಮೇಲೊಂದು ಕೋಟು ಹೊಡೆಸುವ ಮುಂಚೆ ಒಮ್ಮೆ ಉಜ್ಜಿಸಿ ನೋಡಿ

ಮಳೆ ಹಿಂದಾಯ್ತು, ಇನ್ನೇನು ಕೊನೆಕೊಯ್ಲು ಶುರು. ಈಗ ನಮ್ಮ ಕಡೆ ಎರಡು ಕೆಲಸಕ್ಕೆ ಜನ ಸಿಗೋದು ಕಷ್ಟ. ಒಂದು ಕೊನೆ ತೆಗೆಯೋಕೆ, ಇನ್ನೊಂದು ಗಾರೆ ಕೆಲಸಕ್ಕೆ. ಅಡಿಕೆ ಅಂಗಳಕ್ಕೆ ಬರೋದರೊಳಗೆ ಎದ್ದು ಹೋದ ಸಿಮೆಂಟನ್ನ ಸರಿ ಮಾಡಿಸಬೇಕು ಅಂತ ಎಲ್ಲರಿಗೂ ಅವಸರ. ಮೇಸ್ತ್ರಿ ಬಂದು ಅಂಗಳ ಒಂದು ಸುತ್ತು ನೋಡ್ತಾರೆ. "ಏನಿಲ್ಲ ಗೌಡ್ರೇ, ಮೇಲೊಂದು ಕೋಟು ಹೊಡೆದ್ರೆ ಹತ್ತು ವರ್ಷ ನೋಡೋದೇ ಬೇಡ" ಅಂತಾರೆ. ನಾವು ಸಿಮೆಂಟ್ ಮೂಟೆ ಇಳಿಸ್ತೀವಿ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡ್ತೀನಿ. ಹಳೇ ಕಾಂಕ್ರೀಟಿನ ಮೇಲ್ಮೈಯನ್ನ ಮಿಷನ್ನಿನಲ್ಲಿ ಉಜ್ಜಿ ತೆಗೆಯದೆ ಹೊಸ ಸಿಮೆಂಟ್ ಬಳಿಯೋದು ದುಡ್ಡನ್ನ ಹೊಳೆಗೆ ಹಾಕಿದ ಹಾಗೆ. ಇನ್ನೊಂದು ಮಾತು, ಎಷ್ಟೋ ಅಂಗಳಕ್ಕೆ ಉಜ್ಜಿದರೇ ಸಾಕು, ಮೇಲೆ ಏನೂ ಹಾಕೋದು ಬೇಡ. ಆದರೆ ಉಜ್ಜೋ ಕೆಲಸ ಮಾಡಿಸುವಾಗ ಕೆಲಸದವರ ಶ್ವಾಸಕೋಶದ ಲೆಕ್ಕ ನಾವು ಇಟ್ಟುಕೊಳ್ಳಬೇಕು. ಇಷ್ಟೇ ಹೇಳೋದು, ಯಾಕೆ ಅಂತ ಕೆಳಗೆ ಬರೆದಿದ್ದೀನಿ. ಉದ್ದ ಆಯ್ತು ಅಂತ ಬೈಕೋಬೇಡಿ.

ಸಿಮೆಂಟ್ ಬರೋಕೆ ಮುಂಚೆ ನಮ್ಮ ಹಿರಿಯರು ಮಣ್ಣಿನ ಅಂಗಳ ಹೇಗೆ ಮಾಡ್ತಿದ್ದರು ನೆನಪು ಮಾಡಿಕೊಳ್ಳಿ. ಮಳೆಗಾಲ ಮುಗಿದ ಮೇಲೆ ಅಂಗಳದ ತುಂಬ ಪಾಚಿ, ಹುಲ್ಲು. ಅದರ ಮೇಲೆ ಯಾರೂ ನೇರ ಸಗಣಿ ಸಾರಿಸ್ತಿರಲಿಲ್ಲ. ಮೊದಲು ಗುದ್ದಲಿ ಹಿಡಿದು ಮೇಲಿನ ಕೊಳೆತ ಪದರ ಕೆತ್ತಿ ತೆಗೀತಿದ್ದರು. ಕೆಳಗಿನ ಗಟ್ಟಿ ಮಣ್ಣು ಸಿಕ್ಕ ಮೇಲೆ ಹೊಸ ಮಣ್ಣು ಹಾಕಿ, ನೀರು ಚಿಮುಕಿಸಿ, ಬಡಿದು ಮಟ್ಟ ಮಾಡಿ, ಆಮೇಲೆ ಸಗಣಿ. ಕೆತ್ತದೆ ಸಾರಿಸಿದ ಸಗಣಿ ಎರಡು ಬಿಸಿಲಿಗೆ ಹಕ್ಕಳೆ ಎದ್ದು ಬರುತ್ತೆ ಅಂತ ಮನೆಯ ಹೆಂಗಸರಿಗೆಲ್ಲ ಗೊತ್ತಿತ್ತು. ಸಿಮೆಂಟಿಗೂ ಅದೇ ನಿಯಮ. ಸಿಮೆಂಟ್ ಅಂದ ಕೂಡಲೇ ನಾವು ಅದನ್ನ ಮರೆತಿದ್ದೀವಿ.

ಪುಡಿ ಯಾಕೆ ಏಳುತ್ತೆ

ಕಾಂಕ್ರೀಟ್ ಹಾಕಿದ ಮೇಲೆ ಜಲ್ಲಿ, ಮರಳು ಭಾರಕ್ಕೆ ಕೆಳಗೆ ಕೂರುತ್ತೆ, ನೀರು ಮೇಲೆ ಬರುತ್ತೆ. ಬರುವಾಗ ನುಣ್ಣನೆ ಸಿಮೆಂಟನ್ನೂ ಮರಳಿನ ಧೂಳನ್ನೂ ಹೊತ್ತು ತರುತ್ತೆ. ಹಾಲಿನ ಮೇಲೆ ಕೆನೆ ಕಟ್ಟಿದ ಹಾಗೆ ಮೇಲೊಂದು ತೆಳು ಪದರ ಕಟ್ಟುತ್ತೆ. ನೋಡೋಕೆ ನುಣುಪು, ಒಳಗೆ ಶಕ್ತಿ ಇಲ್ಲ. ನೀರು ಜಾಸ್ತಿ ಹಾಕಿ ಕಲಸಿದಷ್ಟೂ ಈ ಕೆನೆ ದಪ್ಪ. ಎಂ20 ಅಂತ ಹೇಳೋ 1:1.5:3 ಮಿಶ್ರಣಕ್ಕೆ 50 ಕೆಜಿ ಮೂಟೆಗೆ 30 ಲೀಟರ್ ನೀರು ಮೀರಬಾರದು ಅಂತ ಐಎಸ್ 456 ನಿಯಮ ಹೇಳುತ್ತೆ. ಮರಳು ಒದ್ದೆ ಇದ್ದರೆ ಆ ನೀರೂ ಇದೇ ಲೆಕ್ಕದಲ್ಲಿ ಬರುತ್ತೆ. ನಮ್ಮಲ್ಲಿ ಬಕೆಟ್ ಲೆಕ್ಕ ಯಾರು ಇಡ್ತಾರೆ? ಎಳೆಯೋಕೆ ಸುಲಭ ಆಗ್ಲಿ ಅಂತ ಪೈಪ್ ಬಿಡೋದೇ.

ಅದರ ಮೇಲೆ ಇನ್ನೊಂದು ಅಭ್ಯಾಸ. ಮೇಲೆ ನೀರು ನಿಂತಿದ್ದಾಗಲೇ ಒಣ ಸಿಮೆಂಟ್ ಉದುರಿಸಿ ಕರಣೆಯಲ್ಲಿ ಎಳೆದು ಕನ್ನಡಿ ಥರ ಮಾಡೋದು. ಆ ದಿನ ನೋಡಿದರೆ ಖುಷಿ ಆಗುತ್ತೆ. ಮರುದಿನದಿಂದ ಬಿಸಿಲು, ನೀರು ಹಾಕೋದು ಮೂರೇ ದಿನ. ಸಾದಾ ಓಪಿಸಿ ಸಿಮೆಂಟಿಗೆ ಕನಿಷ್ಠ 7 ದಿನ, ಪಿಪಿಸಿ ಥರದ ಮಿಶ್ರ ಸಿಮೆಂಟಿಗೆ ಕನಿಷ್ಠ 10 ದಿನ ಸತತ ಒದ್ದೆ ಇಡಬೇಕು. ಸತತ ಅಂದರೆ ಬೆಳಿಗ್ಗೆ ಸಂಜೆ ಚಿಮುಕಿಸೋದಲ್ಲ, ಒಣಗೋಕೇ ಬಿಡಬಾರದು. ಈಗ ಅಂಗಡಿಯಲ್ಲಿ ಹೆಚ್ಚಾಗಿ ಸಿಗೋದು ಪಿಪಿಸಿ. ಮೂಟೆ ಮೇಲೆ ಬರೆದಿರುತ್ತೆ, ನೋಡಿ.

ಹೀಗೆ ಹಾಕಿದ ಅಂಗಳ ಒಂದೆರಡು ಮಳೆಗಾಲಕ್ಕೆ ಪುಡಿ ಬಿಡೋಕೆ ಶುರು ಮಾಡುತ್ತೆ. ಗುಡಿಸಿದಷ್ಟೂ ಬಿಳಿ ಪುಡಿ. ಬೇಯಿಸಿದ ಅಡಿಕೆ ಚೊಗರು ಮೆತ್ತಿಕೊಂಡು ಅಂಗಳಕ್ಕೆ ಬರುತ್ತೆ, ಅಂಟು ಅಂಟು. ಅದಕ್ಕೆ ಈ ಪುಡಿ ಹಿಡಿದರೆ ಬಿಡಲ್ಲ. ಕೆಂಪಡಿಕೆಗೆ ಬಣ್ಣ, ಹೊಳಪು ನೋಡಿಯೇ ದರ ಹೇಳೋದು ಅಂತ ನಿಮಗೆ ನಾನು ಹೇಳಬೇಕಾ? ಕಾಳುಮೆಣಸು, ಕಾಫಿ ಒಣಗಿಸೋರಿಗೂ ಇದೇ ತೊಂದರೆ.

"ಟಾರ್ಪಾಲು ಹಾಸಿದರೆ ಆಯ್ತಲ್ಲ" ಅನ್ನೋರು ಇದ್ದಾರೆ. ಟಾರ್ಪಾಲಿನ ಮೇಲೆ ಹಸಿ ಮಾಲು ಹರಡಿದರೆ ಅಡಿಯ ನೀರು ಇಂಗೋಕೆ ಜಾಗ ಇಲ್ಲ, ಕೆಳಗಿನ ಮುಖ ಬೆವರುತ್ತೆ, ಬೂಸ್ಟು ಬರುತ್ತೆ. ನೆಟ್ ಹಾಸಿದರೆ ಗಾಳಿ ಆಡುತ್ತೆ, ಆದರೆ ಪುಡಿಯೂ ಅದೇ ತೂತಲ್ಲಿ ಮೇಲೆ ಬರುತ್ತೆ. ನೆಲ ಸರಿ ಇದ್ದರೆ ನೆಟ್ಟೂ ಚೆನ್ನಾಗಿ ಕೆಲಸ ಮಾಡುತ್ತೆ.

ಮೇಲಿನ ಕೋಟು ಯಾಕೆ ನಿಲ್ಲಲ್ಲ

ಹೊಸ ಸಿಮೆಂಟ್ ಯಾವುದನ್ನ ಹಿಡಿದುಕೊಳ್ಳಬೇಕು? ಕೆಳಗಿನ ಗಟ್ಟಿ ಕಾಂಕ್ರೀಟನ್ನ. ಆದರೆ ಮಧ್ಯದಲ್ಲಿ ಈ ಪುಡಿ ಕೆನೆ, ಪಾಚಿಯ ಬೇರು, ಚೊಗರಿನ ಕಲೆ, ಟಿಲ್ಲರಿನ ಎಣ್ಣೆ ಎಲ್ಲ ಇದೆ. ಹೊಸದು ಕೆನೆಗೆ ಅಂಟುತ್ತೆ, ಕೆನೆ ಕೆಳಗಿನದನ್ನ ಬಿಡುತ್ತೆ. ಹೊಸ ಪದರ ಒಣಗುವಾಗ ಕುಗ್ಗುತ್ತೆ, ಅಂಚು ಮೇಲೇಳುತ್ತೆ. ಮಳೆನೀರು ಆ ಸಂದಿಗೆ ಹೋಗುತ್ತೆ. ನಮ್ಮ ಕೇರಿಯಲ್ಲೇ ಒಬ್ಬರ ಅಂಗಳಕ್ಕೆ ಹಾಕಿದ ಕೋಟು ಮೂರನೇ ಮಳೆಗಾಲಕ್ಕೆ ದೋಸೆ ಎಬ್ಬಿಸಿದ ಹಾಗೆ ಎದ್ದು ಬಂತು. ಎತ್ತಿದ ಚೆಕ್ಕೆ ತಿರುಗಿಸಿ ನೋಡಿದೆ. ಅಡಿಯಲ್ಲಿ ಬಿಳಿ ಪುಡಿ ಹಾಗೇ ಅಂಟಿಕೊಂಡಿತ್ತು. ಹೊಸ ಸಿಮೆಂಟ್ ಏನೂ ಕೆಟ್ಟಿರಲಿಲ್ಲ, ಗಟ್ಟಿಯಾಗೇ ಇತ್ತು. ಹಿಡಿದುಕೊಳ್ಳೋಕೆ ಅದಕ್ಕೆ ಏನೂ ಸಿಕ್ಕಿರಲಿಲ್ಲ ಅಷ್ಟೆ.

ಖರ್ಚಿನ ಲೆಕ್ಕ ಹಾಕಿ. ನಮ್ಮ ಅಂಗಳ 30 ಅಡಿಗೆ 40 ಅಡಿ, 1200 ಚದರ ಅಡಿ. ಒಂದು ಇಂಚು ದಪ್ಪ ಹೊಸ ಪದರ ಅಂದರೆ 100 ಘನ ಅಡಿ, ಅಂದರೆ ಒಂದು ಯೂನಿಟ್ ಕಾಂಕ್ರೀಟ್. 1:2:4 ಮಿಶ್ರಣಕ್ಕೆ ಸುಮಾರು 18 ಮೂಟೆ ಸಿಮೆಂಟ್ ಬೇಕು. ಜಲ್ಲಿ, ಎಂ-ಸ್ಯಾಂಡ್, ಕೂಲಿ, ಗಾಡಿ ಬಾಡಿಗೆ ಬೇರೆ. ಇಷ್ಟನ್ನೂ ಪುಡಿಯ ಮೇಲೆ ಕೂರಿಸೋದು ಬುದ್ಧಿವಂತಿಕೆ ಅಲ್ಲ. ನಾನು ಮೂರು ವರ್ಷದ ಹಿಂದೆ ಉಜ್ಜಿಸಿದಾಗ ಹೊಸ ಪದರಕ್ಕೆ ಹೇಳಿದ ಖರ್ಚಿನ ಅರ್ಧಕ್ಕಿಂತ ಕಡಿಮೆಯಲ್ಲಿ ಮುಗೀತು. ಮೇಲೆ ಏನೂ ಹಾಕಿಲ್ಲ. ಮೂರು ಮಳೆಗಾಲ ಕಳೀತು, ಗುಡಿಸಿದರೆ ಕಸ ಮಾತ್ರ ಬರುತ್ತೆ.

ಮೊದಲು ಪರೀಕ್ಷೆ ಮಾಡಿ

ಯಾವ ಇಂಜಿನಿಯರೂ ಬೇಡ, ಇಷ್ಟು ನಾವೇ ಮಾಡಬಹುದು.

1. ಮೊಳೆ ತಗೊಂಡು ಗಟ್ಟಿಯಾಗಿ ಗೀರಿ. ಬಿಳಿ ಗೆರೆ ಮಾತ್ರ ಬಿದ್ದರೆ ಪರವಾಗಿಲ್ಲ. ಪುಡಿ ಎದ್ದು ಕಾಲುವೆ ಆದರೆ ಮೇಲ್ಪದರ ಸತ್ತಿದೆ.

2. ಅಲ್ಲೇ ಗೀರ್ತಾ ಹೋಗಿ. ಒಂದೆರಡು ಮಿಲಿಮೀಟರ್ ಆಳಕ್ಕೆ ಗಟ್ಟಿ ಸಿಕ್ಕಿದರೆ ಉಜ್ಜಿದರೆ ಸಾಕು. ಬೆರಳು ದಪ್ಪ ಹೋದರೂ ಪುಡಿಯೇ ಬಂದರೆ ಇಡೀ ಕಾಂಕ್ರೀಟೇ ಬಡವಾಗಿದೆ. ಅದನ್ನ ಉಜ್ಜಿ ಉಪಯೋಗ ಇಲ್ಲ, ಒಡೆದು ಹೊಸದು ಹಾಕೋದೇ ದಾರಿ.

3. ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟುತ್ತಾ ಹೋಗಿ. ಪೊಳ್ಳು ಸದ್ದು ಬಂದ ಕಡೆ ಸುಣ್ಣದಲ್ಲಿ ಗುರುತು ಹಾಕಿ. ಅಲ್ಲಿ ಪದರ ಬಿಟ್ಟಿದೆ, ಅಥವಾ ಕೆಳಗೆ ಹೆಗ್ಗಣ ಬಿಲ ಮಾಡಿದೆ. ಅದನ್ನ ಮೊದಲು ಕಿತ್ತು ತುಂಬಿಸಬೇಕು.

4. ನೀರಿನ ಹನಿ ಹಾಕಿ. ಕೂಡಲೇ ಹೀರಿದರೆ ಮೇಲ್ಮೈ ಸಡಿಲ. ಮುತ್ತಿನ ಹಾಗೆ ನಿಂತರೆ ಎಣ್ಣೆಯೋ ಬಣ್ಣವೋ ಇದೆ ಅಂತ ಲೆಕ್ಕ.

ಉಜ್ಜೋದು ಹೇಗೆ

ನಮ್ಮ ವಯಸ್ಸಿನವರಿಗೆ ಮೊಸಾಯಿಕ್ ಉಜ್ಜೋ ಮಿಷನ್ ಗೊತ್ತು. ಕಾರ್ಬೊರಂಡಂ ಕಲ್ಲು ತಿರುಗುತ್ತೆ, ನೀರು ಬಿಡ್ತಾ ಇರಬೇಕು, ಬೂದು ರಾಡಿ ಹರಿಯುತ್ತೆ. ಈಗಿನ ಕಾಂಕ್ರೀಟ್ ಗ್ರೈಂಡರ್ ಅದೇ ವಂಶದ್ದು. ಕಲ್ಲಿನ ಬದಲು ಲೋಹದ ತುಂಡಿನಲ್ಲಿ ವಜ್ರದ ಕಣ ಕೂರಿಸಿರ್ತಾರೆ, ಅದಕ್ಕೆ ಸೆಗ್ಮೆಂಟ್ ಅಂತಾರೆ. ಪೇಟೆಯಲ್ಲಿ ಗ್ರಾನೈಟ್, ಮೊಸಾಯಿಕ್ ಪಾಲಿಶ್ ಮಾಡೋರ ಹತ್ತಿರ ಮಿಷನ್ ಇರುತ್ತೆ. ದೊಡ್ಡದಕ್ಕೆ ತ್ರೀ ಫೇಸ್ ಬೇಕು. ಸಿಂಗಲ್ ಫೇಸಿನ ಚಿಕ್ಕದೂ ಇದೆ, ನಮ್ಮ ಓಲ್ಟೇಜಿಗೆ ತಡೆದರೆ ಸರಿ, ಇಲ್ಲಾಂದ್ರೆ ಜನರೇಟರ್ ತರೋಕೆ ಹೇಳಿ.

ಸೆಗ್ಮೆಂಟಿನ ವಿಷಯ ಒಂದು ತಿಳಿದಿರಲಿ, ಅದು ಉಲ್ಟಾ ಲೆಕ್ಕ. ಮೆದು ನೆಲಕ್ಕೆ ಗಟ್ಟಿ ಲೋಹದ ಸೆಗ್ಮೆಂಟ್, ಗಟ್ಟಿ ನೆಲಕ್ಕೆ ಮೆದು ಲೋಹದ್ದು. ಕಾರಣ ಇದೆ. ಸೆಗ್ಮೆಂಟಿನ ಲೋಹ ಸವೆದರೆ ಮಾತ್ರ ಒಳಗಿನ ಹೊಸ ವಜ್ರದ ಕಣ ಹೊರಗೆ ಬರೋದು. ಗಟ್ಟಿ ನೆಲದಲ್ಲಿ ಪುಡಿ ಕಡಿಮೆ, ಲೋಹ ಸವೆಯಲ್ಲ, ಹಳೇ ಕಣ ಮೊಂಡಾಗಿ ಮಿಷನ್ ಸುಮ್ಮನೆ ಜಾರುತ್ತೆ. ಅದಕ್ಕೆ ಮೆದು ಲೋಹ ಬೇಕು. ನಮ್ಮ ಪುಡಿ ಏಳೋ ಅಂಗಳದಲ್ಲಿ ಮರಳಿನ ಪುಡಿಯೇ ಲೋಹವನ್ನ ತಿಂದು ಹಾಕುತ್ತೆ. ಮೆದು ಸೆಗ್ಮೆಂಟ್ ತಂದರೆ ಅರ್ಧ ಅಂಗಳಕ್ಕೆ ಮುಗಿದಿರುತ್ತೆ, ಆ ಖರ್ಚು ನಿಮ್ಮ ಬಿಲ್ಲಿಗೆ ಬರುತ್ತೆ. ಮಿಷನ್ನಿನವರಿಗೆ ಫೋನ್ ಮಾಡುವಾಗಲೇ "ನೆಲ ಮೆದು ಇದೆ, ಪುಡಿ ಏಳುತ್ತೆ" ಅಂತ ಹೇಳಿ.

ಒರಟು ನಂಬರಿನಿಂದ ಶುರು ಮಾಡಬೇಕು, 16 ಅಥವಾ 30. ಆಮೇಲೆ 60. ನಂಬರ್ ಹೆಚ್ಚಿದಷ್ಟೂ ನುಣುಪು. ಅಂಗಳಕ್ಕೆ 60ಕ್ಕೆ ನಿಲ್ಲಿಸಿ. ಪೇಟೆಯವರು ಅಭ್ಯಾಸ ಬಲಕ್ಕೆ ಹೊಳಪು ಬರೋ ತನಕ ಹೋಗ್ತೀವಿ ಅಂತಾರೆ, ಬೇಡ ಅನ್ನಿ. ಮಲೆನಾಡಿನ ಮಳೆಗೆ ಹೊಳೆಯೋ ಅಂಗಳ ಅಂದರೆ ಮುದುಕರ ಸೊಂಟ ಮುರಿದ ಹಾಗೆ. ಒಂದು ಸಲ ಉದ್ದಕ್ಕೆ, ಒಂದು ಸಲ ಅಡ್ಡಕ್ಕೆ ಓಡಿಸಬೇಕು. ಮರಳಿನ ಕಣ ಚುಕ್ಕೆ ಚುಕ್ಕೆಯಾಗಿ ಕಾಣಿಸಿದ ಕಡೆ ಕೆನೆ ಹೋಗಿದೆ ಅಂತ ಅರ್ಥ. ಗೋಡೆ ಮೂಲೆಗೆ ದೊಡ್ಡ ಮಿಷನ್ ಹೋಗಲ್ಲ, ಅಲ್ಲಿ ಕೈ ಗ್ರೈಂಡರಿಗೆ ವಜ್ರದ ಕಪ್ ವೀಲ್ ಹಾಕಿ ಉಜ್ಜಬೇಕು.

ಬಿರುಕು, ಇಳಿಜಾರು ತಪ್ಪಿದ್ದು ಉಜ್ಜಿದರೆ ಸರಿ ಹೋಗಲ್ಲ. ಅಲ್ಲಲ್ಲಿ ಉಬ್ಬು ಇದ್ದು ನೀರು ನಿಲ್ತಿದ್ದರೆ ಉಬ್ಬು ತೆಗೆಯಬಹುದು, ಅಷ್ಟೆ.

ಉಜ್ಜಿದ ಮೇಲೆ

ಚೆನ್ನಾಗಿ ತೊಳೆದು ಮತ್ತೆ ಮೊಳೆ ಪರೀಕ್ಷೆ ಮಾಡಿ. ಗಟ್ಟಿ ಇದ್ದರೆ ಹಾಗೇ ಬಿಡಿ. ಸ್ವಲ್ಪ ಸಡಿಲ ಅನ್ನಿಸಿದರೆ ಸಿಲಿಕೇಟ್ ದ್ರಾವಣ ಸಿಗುತ್ತೆ, ಡೆನ್ಸಿಫೈಯರ್ ಅಂತ ಮಾರ್ತಾರೆ. ಕಾಂಕ್ರೀಟಿನಲ್ಲಿ ಉಳಿದಿರೋ ಸುಣ್ಣದ ಜೊತೆ ಸೇರಿ ಒಳಗೇ ಗಟ್ಟಿ ಕಟ್ಟುತ್ತೆ. ಹೀರುವಷ್ಟು ಹೀರಲಿ, ಉಳಿದದ್ದನ್ನ ಒಣಗೋಕೆ ಬಿಡದೆ ತೊಳೆದು ತೆಗೀಬೇಕು. ಸತ್ತ ಕಾಂಕ್ರೀಟಿಗೆ ಅದು ಜೀವ ಕೊಡಲ್ಲ. ಹೊರಗಿನ ಅಂಗಳಕ್ಕೆ ಎಪಾಕ್ಸಿ ಬಣ್ಣ ಅಂತೂ ಬೇಡ. ಬಿಸಿಲಿಗೆ ಮಾಸಿ ಸುಣ್ಣದ ಥರ ಪುಡಿ ಬಿಡುತ್ತೆ, ಅಡಿಯ ತೇವಕ್ಕೆ ಗುಳ್ಳೆ ಏಳುತ್ತೆ.

ಹೊಸ ಪದರ ಹಾಕಲೇಬೇಕು ಅಂತಿದ್ದರೆ ಉಜ್ಜಿದ್ದು ಮಾತ್ರ ಸಾಲದು. ಗ್ರೈಂಡರ್ ಬಿಡೋ ಮುಖ ಸ್ವಲ್ಪ ನುಣುಪೇ, ಇಂಚು ದಪ್ಪದ ಕಾಂಕ್ರೀಟ್ ಹಿಡಿಯೋಕೆ ಇನ್ನೂ ಒರಟು ಬೇಕು. ಕೆನೆ ತೆಗೆದ ಮೇಲೆ ಉಳಿಯಲ್ಲಿ ಕಚ್ಚು ಹಾಕಿಸಿ. ಪುಡಿ ಪೂರ್ತಿ ತೊಳೀರಿ. ಹಿಂದಿನ ರಾತ್ರಿ ನೆನೆಸಿಡಿ, ಬೆಳಿಗ್ಗೆ ನೆಲ ಒದ್ದೆ ಇರಬೇಕು, ಆದರೆ ನೀರು ನಿಂತಿರಬಾರದು. ಸಿಮೆಂಟ್ ಹಾಲು ಬ್ರಷ್ಷಿನಲ್ಲಿ ತಿಕ್ಕಿ, ಅದು ಒಣಗೋದರೊಳಗೆ ಮೇಲೆ ಕಾಂಕ್ರೀಟ್ ಬೀಳಬೇಕು. ಇಡೀ ಅಂಗಳಕ್ಕೆ ಹಾಲು ಬಿಟ್ಟು ಕಾಫಿ ಕುಡಿಯೋಕೆ ಹೋದರೆ ಆ ಹಾಲೇ ಒಣಗಿ ಇನ್ನೊಂದು ಪುಡಿ ಪದರ ಆಗುತ್ತೆ.

ಕೆಲವರು ಉಜ್ಜೋ ಬದಲು ಆಸಿಡ್ ಹಾಕಿ ತೊಳೀತಾರೆ. ನನಗೆ ಅದು ಒಪ್ಪಿಗೆ ಇಲ್ಲ. ಆಸಿಡ್ ಎಲ್ಲ ಕಡೆ ಒಂದೇ ಸಮ ತಿನ್ನಲ್ಲ, ಎಣ್ಣೆ ಇದ್ದ ಕಡೆ ಮುಟ್ಟೋದೇ ಇಲ್ಲ. ಉಪ್ಪಿನ ಅಂಶ ಒಳಗೆ ಉಳಿದು ಕಬ್ಬಿಣ ಇದ್ದರೆ ತುಕ್ಕು ಹಿಡಿಸುತ್ತೆ. ತೊಳೆದ ನೀರು ಹೋಗೋದು ತೋಟಕ್ಕೆ ಅಥವಾ ಹಳ್ಳಕ್ಕೆ.

ಕೊಟ್ಟಿಗೆ ಬಗ್ಗೆ ಎರಡು ಮಾತು. ಹೊಸ ಕಾಂಕ್ರೀಟಿನ ಚೂಪು ಏಣು ದನದ ಗೊರಸನ್ನ ತೇಯುತ್ತೆ, ಹಳೇ ನುಣುಪು ನೆಲ ಜಾರಿಸುತ್ತೆ. ಎರಡೂ ಕೆಟ್ಟದ್ದೇ. ಹೊಸದಾದರೆ ಒರಟು ಸೆಗ್ಮೆಂಟಿನಲ್ಲಿ ಒಂದೇ ಸಲ ಮೇಲೆ ಮೇಲೆ ಓಡಿಸಿ ಚೂಪು ಮುರಿಸಿ. ಹಳೇದು ಜಾರುತ್ತಿದ್ದರೆ ಉಜ್ಜಿಸಬೇಡಿ, ಕಟರಿನಲ್ಲಿ ಸಾಲು ಗೀರು ಹಾಕಿಸಿ. ಗಂಜಲ ಹರಿಯೋ ದಿಕ್ಕಿಗೇ ಗೀರು ಇರಲಿ, ಇಲ್ಲಾಂದ್ರೆ ಸಗಣಿ ಕೂರುತ್ತೆ.

ಧೂಳಿನ ಮಾತು

ಇದನ್ನ ದಯವಿಟ್ಟು ಪೂರ್ತಿ ಓದಿ. ನಮ್ಮ ಅಂಗಳದಷ್ಟು ಜಾಗದಲ್ಲಿ ಒಂದೇ ಒಂದು ಮಿಲಿಮೀಟರ್ ತೆಗೆದರೂ ಹೊರಬರೋ ಪುಡಿ ಸುಮಾರು ಎರಡೂವರೆ ಕ್ವಿಂಟಾಲ್. ಒಣದಾಗಿ ಉಜ್ಜಿದರೆ ಅದರಲ್ಲಿ ಒಂದು ಪಾಲು ಗಾಳಿಗೆ ಹೋಗುತ್ತೆ. ಮರಳು, ಎಂ-ಸ್ಯಾಂಡ್, ಗ್ರಾನೈಟ್ ಜಲ್ಲಿ ಎಲ್ಲದರಲ್ಲೂ ಸಿಲಿಕಾ ಇದೆ. ಅದರ ಅತಿ ಸಣ್ಣ ಕಣ ಕಣ್ಣಿಗೆ ಕಾಣಲ್ಲ, ಕೆಮ್ಮಿದರೆ ಹೊರಗೆ ಬರಲ್ಲ, ಶ್ವಾಸಕೋಶದ ತಳಕ್ಕೆ ಹೋಗಿ ಕೂರುತ್ತೆ. ಅಲ್ಲಿ ಗಾಯ ಮಾಡಿ ಗಟ್ಟಿ ಕಟ್ಟುತ್ತೆ. ಅದಕ್ಕೆ ಸಿಲಿಕೋಸಿಸ್ ಅಂತ ಹೆಸರು. ಬಂದ ಮೇಲೆ ಗುಣ ಮಾಡೋ ಔಷಧಿ ಇಲ್ಲ, ಕ್ಷಯ ಅಂಟಿಕೊಳ್ಳೋದೂ ಸುಲಭ. ಇದು ಸರ್ಕಾರಕ್ಕೆ ತಿಳಿಸಲೇಬೇಕಾದ ರೋಗಗಳ ಪಟ್ಟಿಯಲ್ಲಿದೆ. ಸಿಲಿಕಾ ಧೂಳು ಕ್ಯಾನ್ಸರ್ ತರುತ್ತೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 1997ರಲ್ಲೇ ಹೇಳಿದೆ. ಮಧ್ಯಪ್ರದೇಶದ ಮಂದ್‌ಸೌರಿನಲ್ಲಿ ಮಕ್ಕಳ ಸ್ಲೇಟಿನ ಕಡ್ಡಿ ಕೊಯ್ಯುತ್ತಿದ್ದ ಕೆಲಸಗಾರರು ಇದೇ ಧೂಳಿಗೆ ವಯಸ್ಸಿಗೆ ಮುಂಚೆ ಸತ್ತರು.

ನಮಗೆ ಇದು ಎರಡು ದಿನದ ಕೆಲಸ. ಮಿಷನ್ ಹಿಡಿಯೋ ಹುಡುಗನಿಗೆ ವರ್ಷಪೂರ್ತಿ ಇದೇ ಕೆಲಸ. ಹೆಚ್ಚಿನವರು ದೂರದ ರಾಜ್ಯದಿಂದ ಬಂದ ಇಪ್ಪತ್ತು ಇಪ್ಪತ್ತೈದರ ಹುಡುಗರು, ಮುಖಕ್ಕೆ ಒಂದು ಟವಲ್ ಸುತ್ತಿಕೊಂಡಿರ್ತಾರೆ. ಟವಲ್ ದಪ್ಪ ಧೂಳು ತಡೆಯುತ್ತೆ, ಕೊಲ್ಲೋ ಸಣ್ಣ ಧೂಳು ತಡೆಯಲ್ಲ. "ಕಾಂಟ್ರಾಕ್ಟರ್ ನೋಡ್ಕೋತಾನೆ, ನಮಗ್ಯಾಕೆ" ಅಂತ ನಾವು ಅನ್ನಬಾರದು. ಅಂಗಳ ನಮ್ಮದು, ದುಡ್ಡು ಕೊಡೋರು ನಾವು. ಹಾಗಾಗಿ ಷರತ್ತನ್ನೂ ನಾವೇ ಹಾಕಬಹುದು. ನಾನು ಹಾಕೋ ಷರತ್ತು ಇಷ್ಟು:

ನೀರು ಬಿಟ್ಟೇ ಉಜ್ಜಬೇಕು. ನೀರಿಲ್ಲದೆ ಮಾಡೋದಾದರೆ ಮಿಷನ್ನಿಗೆ ಧೂಳು ಎಳೆಯೋ ವ್ಯಾಕ್ಯೂಮ್ ಇರಲೇಬೇಕು. ಎನ್95 ಮಾಸ್ಕ್ ನಾನೇ ತಂದುಕೊಡ್ತೀನಿ, ಅಡಿಕೆ ಮಂಡಿಗೆ ಹೋದಾಗ ಮೆಡಿಕಲ್ ಶಾಪಲ್ಲಿ ಸಿಗುತ್ತೆ. ಕೈ ಗ್ರೈಂಡರಿಗೆ ಮಾತ್ರ ನೀರು ಬಿಡಬಾರದು, ಶಾಕ್ ಹೊಡೆಯುತ್ತೆ. ಮೂಲೆ ಉಜ್ಜುವಾಗ ಮಾಸ್ಕ್, ವ್ಯಾಕ್ಯೂಮ್ ಎರಡೂ ಬೇಕು. ನೀರು, ಕರೆಂಟ್ ಒಟ್ಟಿಗೆ ಇರೋದರಿಂದ ಇಎಲ್‌ಸಿಬಿ ಇಲ್ಲದ ಲೈನಿನಿಂದ ದೊಡ್ಡ ಮಿಷನ್ನಿಗೆ ಕನೆಕ್ಷನ್ ಕೊಡಲ್ಲ. ಮಕ್ಕಳು, ಉಬ್ಬಸ ಇರೋ ಹಿರಿಯರು ಆ ಎರಡು ದಿನ ಬೇರೆ ಕಡೆ. ಒಣಗಿದ ಪುಡಿಯನ್ನ ಪೊರಕೆಯಲ್ಲಿ ಗುಡಿಸೋದು ಬೇಡ, ನೀರು ಹಾಕಿ ಎಳೀರಿ.

ಹರಿದ ರಾಡಿ ಬಾವಿ, ಹಳ್ಳ, ಮೀನಿನ ಹೊಂಡಕ್ಕೆ ಹೋಗಬಾರದು. ಅದು ಸುಣ್ಣದ ತಿಳಿಯಷ್ಟೇ ಖಾರ, ಮೀನು ಸಾಯುತ್ತೆ, ಬರಿಗೈಯಲ್ಲಿ ಮುಟ್ಟಿದರೆ ಚರ್ಮ ಸುಡುತ್ತೆ. ಅಂಗಳದ ಅಂಚಿಗೆ ಒಂದು ಗುಂಡಿ ತೋಡಿ ಅದರಲ್ಲಿ ನಿಲ್ಲಿಸಿ. ಒಣಗಿದ ಮೇಲೆ ಮಣ್ಣು ಸೇರಿಸಿ ದಾರಿಯ ಹೊಂಡಕ್ಕೆ ತುಂಬಿ.

ಊರಿಗೊಂದು ಮಿಷನ್ ಬರಲಿ

ಈ ಕೆಲಸಕ್ಕೆ ಪೇಟೆಯವರು ಒಂದು ಅಂಗಳಕ್ಕಾಗಿ ಹಳ್ಳಿಗೆ ಬರೋಕೆ ಒಪ್ಪಲ್ಲ, ಬಂದರೆ ಗಾಡಿ ಬಾಡಿಗೆಯೇ ಜಾಸ್ತಿ. ಅದಕ್ಕೇ ಎಲ್ಲರೂ ಕೋಟಿನ ದಾರಿ ಹಿಡಿಯೋದು, ನನಗೂ ಅರ್ಥ ಆಗುತ್ತೆ. ಇದಕ್ಕೆ ಉಪಾಯ ಒಟ್ಟಿಗೆ ಮಾಡಿಸೋದು. ಐದಾರು ಮನೆಯವರು ಸೇರಿ ಒಂದೇ ವಾರ ಗೊತ್ತು ಮಾಡಿ, ಸಾಗಾಟದ ಖರ್ಚು ಹಂಚಿಕೊಳ್ಳಿ. ಟಿಲ್ಲರ್, ಕಳೆ ಕೊಚ್ಚೋ ಮಿಷನ್ನೆಲ್ಲ ಕೃಷಿ ಯಂತ್ರಧಾರೆಯ ಬಾಡಿಗೆ ಕೇಂದ್ರಗಳಲ್ಲಿ ಸಿಗುತ್ತೆ. ನಮ್ಮ ಸಹಕಾರ ಸಂಘಗಳು ನೀರು, ವ್ಯಾಕ್ಯೂಮ್ ಎರಡೂ ಇರೋ ಒಂದು ಗ್ರೈಂಡರನ್ನ, ಜೊತೆಗೆ ಅದನ್ನ ಕಲಿತ ಒಬ್ಬ ಊರ ಹುಡುಗನನ್ನ ಹೀಗೇ ಬಾಡಿಗೆಗೆ ಇಟ್ಟರೆ ಏನು ನಷ್ಟ? ಅಂಗಳ ಇಲ್ಲದ ಅಡಿಕೆ ಬೆಳೆಗಾರ ಯಾರಿದ್ದಾರೆ? ಈ ಸಲದ ವಾರ್ಷಿಕ ಮಹಾಸಭೆಯಲ್ಲಿ ನಾನು ಇದನ್ನ ಕೇಳೋನಿದ್ದೀನಿ. ನಿಮ್ಮ ಸಂಘದಲ್ಲಿ ನೀವೂ ಕೇಳಿ.

ಅಲ್ಲೀವರೆಗೆ ಒಂದು ಕೆಲಸ ಮಾಡಿ. ಮೇಸ್ತ್ರಿಗೆ ಅಡ್ವಾನ್ಸ್ ಕೊಡೋ ಮುಂಚೆ ಒಂದು ಮೊಳೆ ತಗೊಂಡು ಅಂಗಳದ ನಾಲ್ಕು ಕಡೆ ಗೀರಿ ನೋಡಿ. ಒಂದೆರಡು ಮಿಲಿಮೀಟರಿಗೆ ಗಟ್ಟಿ ಸಿಕ್ಕಿದರೆ 18 ಮೂಟೆ ಸಿಮೆಂಟಿನ ದುಡ್ಡು ಉಳೀತು ಅಂತ ತಿಳ್ಕೊಳ್ಳಿ. ನಮ್ಮ ಸುತ್ತಿನ ಊರಿನವರು ಯಾರಾದರೂ ಕೊನೆಕೊಯ್ಲಿನ ಮುಂಚೆ ಉಜ್ಜಿಸೋರು ಇದ್ದರೆ ತಿಳಿಸಿ. ಮನೆ ಹಿಂದಿನ ಚಿಕ್ಕ ಕಣ ಉಜ್ಜಿಸೋದು ನನಗೂ ಬಾಕಿ ಇದೆ, ಒಟ್ಟಿಗೇ ಮಿಷನ್ ತರಿಸೋಣ.